ಪಕ್ಕದ ಪರದೆಯಲ್ಲಿದ್ದ ಆರುನೂರು ಗಿಡಗಳು

ಶನಿವಾರ, ನಾಲ್ಕನೇ ತಾರೀಕು
ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲು ವಿಷಯ ಹೇಳಿಬಿಡುತ್ತೇನೆ, ಕುಶಲ ಆಮೇಲೆ. ಸಿಕ್ಕಿತು. ಎಲ್ಲವೂ ಸಿಕ್ಕಿತು, ಒಂದು ಸಾಲೂ ಕಳೆದಿಲ್ಲ. ಹದಿನೈದಕ್ಕೆ ಮಾಡಿಸಿಟ್ಟಿರುವ ಬಸ್ಸಿನ ಟಿಕೆಟ್ಟನ್ನು ರದ್ದು ಮಾಡಿಸು. ನನ್ನನ್ನು ನೋಡಬೇಕೆಂದು ಬರುವುದಾದರೆ ಬಾ, ಬೇಡ ಅನ್ನುವವಳಲ್ಲ. ಗಂಟುಮೂಟೆ ಕಟ್ಟಿಸಿ ಕರೆದುಕೊಂಡು ಹೋಗಲು ಮಾತ್ರ ಬರಬೇಡ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಹೆಡ್‌ಮಿಸ್ ಆಗಿದ್ದವಳು, ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಿನ್ನ ತೀರ್ಪು ಬಂದಿರುತ್ತದೆ. ಕಾಗದವಾದರೆ ಬಾಯಿಮುಚ್ಚಿಕೊಂಡು ಕೊನೆತನಕ ಓದಲೇಬೇಕು.

ಗುರುವಾರ ಅಳುತ್ತಾ ಏನೇನೋ ಹೇಳಿದೆ. ಈಗ ಸಮಾಧಾನವಾಗಿ ಮೊದಲಿಂದ ಹೇಳುತ್ತೇನೆ.

ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ನನ್ನ ಕೆಲಸ ಇಷ್ಟೇ. ದಪ್ಪ ಹಾಳೆಗೆ ಅಂಟಿಸಿದ ಒಣಗಿದ ಗಿಡಗಳು ಬರುತ್ತವೆ. ಮೂಲೆಯಲ್ಲಿ ಯಾವುದೋ ಕಾಲದ ಕೈಬರಹದ ಒಂದು ಚೀಟಿ: ಗಿಡದ ಹೆಸರು, ಕಿತ್ತ ದಿನ, ಕಿತ್ತ ಜಾಗ. ಅದನ್ನು ಓದಿ ಕಂಪ್ಯೂಟರಿಗೆ ಏರಿಸಬೇಕು. ನಿನ್ನ ಕಾಗೆಕಾಲು ಗುಬ್ಬಿಕಾಲು ಓದಿ ಬೆಳೆದವಳಿಗೆ ಅದೇನು ಮಹಾ. ಮೂರು ತಿಂಗಳು ನೋಡೋಣ, ಆಮೇಲೆ ಕಾಯಂ ವಿಚಾರ ಅಂತ ದೊಡ್ಡ ಮೇಡಂ ಹೇಳಿದ್ದರು. ಮೂವತ್ತು ವರ್ಷ ಬೇರೆಯವರ ಊಟದ ಡಬ್ಬಿ ಕಟ್ಟಿಕೊಟ್ಟವಳಿಗೆ ಐವತ್ತಮೂರಕ್ಕೆ ತನ್ನದೇ ಒಂದು ಮೇಜು, ತನ್ನದೇ ಒಂದು ಕುರ್ಚಿ. ಅದು ನನಗೆ ಎಷ್ಟು ಬೇಕಾಗಿತ್ತು ಅಂತ ನಿನಗೆ ಯಾವತ್ತೂ ಹೇಳಿರಲಿಲ್ಲ. ತುಂಬಾ ಬೇಕಾಗಿತ್ತು ಅಕ್ಕಾ.

ನನಗೆ ಕೊಟ್ಟ ಮೊದಲ ಹಾಳೆಗಳು ಬೇರೊಂದು ಸಂಸ್ಥೆಯಿಂದ ಎರವಲು ತಂದವು. ಆರುನೂರ ಹನ್ನೆರಡು. ಕೊಡುವುದು ಇದೊಂದೇ ಸಲ ಅಂತ ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮೂರು ವಾರ ಕೂತು ಮುಗಿಸಿದೆ. ಬುಧವಾರ ಪೆಟ್ಟಿಗೆಗಳು ವಾಪಸ್ಸು ಹೋದವು. ಇನ್ನೊಂದು ಸಲ ನೋಡಿ ಬರೆಯೋಣವೆಂದರೆ ಆ ಚೀಟಿಗಳು ಈಗ ಇಲ್ಲಿಲ್ಲ.

ಇನ್ನು ನನ್ನ ಘನಕಾರ್ಯ. ಇಲ್ಲಿನ ಕಂಪ್ಯೂಟರು ನಿನ್ನ ಶಾಲೆಯಲ್ಲಿದ್ದಂಥದ್ದಲ್ಲ, ಯುನಿಕ್ಸ್ ಮನೆತನದ್ದಂತೆ. ಎಲ್ಲರೂ ವಿಂಡೋ ವಿಂಡೋ ಅನ್ನುತ್ತಾರೆ, ನನಗೆ ಕಿಟಕಿ ಅಂದರೇ ಸಲೀಸು. ಮೊದಲ ದಿನ ಮೇಡಂ ಗಿಡಗಳ ಫೋಟೋ ಇರುವ ಒಂದು ಕಿಟಕಿ ತೋರಿಸಿ, ಇದನ್ನ ಮುಚ್ಚಬೇಡಿ, ಹಾಗೇ ಬಿಟ್ಟಿರಿ ಅಂದರು. ಅವರು ಹೇಳಿದ್ದು ಅದೊಂದಕ್ಕೆ. ನಾನು ಎಲ್ಲಕ್ಕೂ ಅಂತ ತಿಳಿದೆ. ದಿನಕ್ಕೊಂದು ಹೊಸ ಪಟ್ಟಿ ತೆರೆಯುವುದು, ತುಂಬಿಸುವುದು, ಹಾಗೇ ಬಿಟ್ಟು ಮನೆಗೆ ಹೋಗುವುದು. ಕಂಪ್ಯೂಟರನ್ನು ಇಲ್ಲಿ ಯಾರೂ ಆರಿಸುವುದಿಲ್ಲ. ಉಳಿಸು ಅನ್ನುವ ಗುಂಡಿ ಎದುರಿಗೇ ಇತ್ತು. ಒತ್ತಿದರೆ ಎಲ್ಲಿ ಮುಚ್ಚಿಹೋಗುತ್ತದೋ ಅಂತ ಅದರ ತಂಟೆಗೇ ಹೋಗಿರಲಿಲ್ಲ. ಹೀಗೆ ಹದಿನೈದು ಕಿಟಕಿಗಳು ಒಂದರ ಮೇಲೊಂದು, ಒಗೆದು ಮಡಿಸದೆ ಗುಡ್ಡೆ ಹಾಕಿದ ಬಟ್ಟೆಯ ಹಾಗೆ ಬಿದ್ದಿದ್ದವು.

ಗುರುವಾರ ಬೆಳಿಗ್ಗೆ ಮೇಜು ಒರೆಸಿದೆ. ನನ್ನ ಕೈ ಸುಮ್ಮನಿರುವುದಿಲ್ಲ ಅಂತ ನಿನಗೆ ಗೊತ್ತಲ್ಲ. ಅವತ್ತು ಹೊಸ ಬಟ್ಟೆ ತಂದಿದ್ದೆ, ಮೌಸಿನ ನಡುವಿನ ಚಕ್ರಕ್ಕೆ ಕೊಳೆ ಕೂತಿತ್ತು, ಅದನ್ನೂ ಚೆನ್ನಾಗಿ ತಿಕ್ಕಿದೆ. ತಲೆಯೆತ್ತಿ ನೋಡಿದರೆ ಪರದೆ ಬಟಾಬಯಲು. ಹದಿನೈದರಲ್ಲಿ ಒಂದೂ ಇಲ್ಲ. ಯಾರಿಗೂ ಹೇಳದೆ, ಮೆಟ್ಟಿಲ ಕೆಳಗೆ ನಿಂತು ನಿನಗೆ ಫೋನ್ ಮಾಡಿದೆ. ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತೇ ಈ ಉಸಾಬರಿ, ಬಿಟ್ಟು ಬಂದುಬಿಡು ಅಂತ ನೀನು ಗದರಿದೆ. ನಿನ್ನ ಗದರಿಕೆಯಲ್ಲಿ ಪ್ರೀತಿಯೇ ಇತ್ತು, ಗೊತ್ತು. ಆದರೆ ಬಿಡುವ ಯೋಚನೆ ಪೂರ್ತಿ ನಿನ್ನದು. ನನ್ನ ಮನಸ್ಸಿನಲ್ಲಿ ಅದು ಸುಳಿದೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಧೈರ್ಯ ಮಾಡಿ ಕೀಲಿಕೈ ಸರ್ ಹತ್ತಿರ ಹೋದೆ. ಇಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವರು, ನಿವೃತ್ತಿಗೆ ಎರಡು ವರ್ಷ ಇದೆ. ಕೀಲಿಕೈ ಗೊಂಚಲನ್ನು ಕೊರಳಿಗೇ ಹಾಕಿಕೊಂಡು ಓಡಾಡುತ್ತಾರೆ, ಅದಕ್ಕೆ ಆ ಹೆಸರು. ಏನಾಯ್ತು ಅಂದರು. ಒರೆಸಿದೆ ಅಂದೆ. ಏನನ್ನ ಅಂತ ಅವರೂ ಗಾಬರಿಯಾದರು. ಮೌಸನ್ನ ಅಂದೆ. ಅವರ ಮುಖದ ಗಾಬರಿ ಅಲ್ಲಿಗೇ ಇಳಿಯಿತು. ಬಂದು ನನ್ನ ಹಿಂದೆ ಕೈಕಟ್ಟಿ ನಿಂತರು, ಏನನ್ನೂ ಮುಟ್ಟಲಿಲ್ಲ. ಬಲಗಡೆ ಕೆಳಗಿನ ಮೂಲೇಲಿ ನಾಲ್ಕು ಪುಟ್ಟ ಚೌಕ ಇದಾವಲ್ಲ ಮೇಡಂ, ಮೊದಲನೇದರಲ್ಲಿ ಏನು ಕಾಣ್ತಿದೆ ಅಂತ ಕೇಳಿದರು. ಕಣ್ಣು ಕಿರಿದು ಮಾಡಿ ನೋಡಿದೆ. ಸಾಸಿವೆಯಷ್ಟು ಸಾಸಿವೆಯಷ್ಟು ಕಿಟಕಿಗಳು, ಒತ್ತೊತ್ತಾಗಿ. ಅದನ್ನ ಒತ್ತಿ ಅಂದರು.

ಒತ್ತಿದೆ. ಬಂದವು ಅಕ್ಕಾ. ಹದಿನೈದೂ ಬಂದವು.

ಅಲ್ಲೇ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ವಿಷಯ ಇಷ್ಟೇ: ಈ ಯಂತ್ರದೊಳಗೆ ಒಂದಲ್ಲ, ನಾಲ್ಕು ಪರದೆಗಳಿವೆ. ನಮಗೆ ಕಾಣುವುದು ಒಂದು ಸಲಕ್ಕೆ ಒಂದು. ಮೌಸಿನ ಬಾಣ ಖಾಲಿ ಜಾಗದಲ್ಲಿರುವಾಗ ಚಕ್ರ ತಿರುಗಿದರೆ ಪಕ್ಕದ ಪರದೆಗೆ ಹೋಗುತ್ತೇವೆ. ತೆರೆದ ಕಿಟಕಿಗಳ ಹೆಸರಿರುವ ಕೆಳಅಂಚಿನ ಸಾಲು ಕೂಡ ಎದುರಿಗಿರುವ ಪರದೆಯ ಕಿಟಕಿಗಳ ಹೆಸರನ್ನಷ್ಟೇ ತೋರಿಸುತ್ತದೆ. ನಾನು ಇಡೀ ದಿನ ಖಾಲಿ ಕೋಣೆಯಲ್ಲಿ ಕೂತು ಸಾಮಾನು ಕಳುವಾಯಿತೆಂದು ಅಳುತ್ತಿದ್ದೆ, ಸಾಮಾನೆಲ್ಲ ಪಕ್ಕದ ಕೋಣೆಯಲ್ಲಿ ತಣ್ಣಗೆ ಕೂತಿತ್ತು.

ಮೊದಲು ಹದಿನೈದಕ್ಕೂ ಹೆಸರಿಟ್ಟು ಉಳಿಸಿದೆವು. ಆಮೇಲೆ ಅವರು ಮಧ್ಯಾಹ್ನದವರೆಗೆ ಕಲಿಸಿದರು. ಕಿಟಕಿಯ ನೆತ್ತಿಯ ಮೇಲಿನ ಪಟ್ಟಿ ಹಿಡಿದು ಎಳೆದರೆ ಕಿಟಕಿ ಬರುತ್ತದೆ, ಅಷ್ಟು ಗೊತ್ತಿತ್ತು. ಆಲ್ಟ್ ಗುಂಡಿ ಅದುಮಿಕೊಂಡರೆ ಎಲ್ಲಿ ಹಿಡಿದರೂ ಬರುತ್ತದೆ. ಆಲ್ಟ್ ಬಿಡದೆ ಟ್ಯಾಬ್ ಒತ್ತುತ್ತಾ ಹೋದರೆ ತೆರೆದಿರುವವೆಲ್ಲ ಒಂದೊಂದಾಗಿ ಹಾಜರಿ ಹೇಳುತ್ತವೆ, ನಿನ್ನ ತರಗತಿಯ ಮಕ್ಕಳ ಹಾಗೆ. ಮೂಲೆಯ ಅಡ್ಡಗೆರೆ ಒತ್ತಿದರೆ ಕಿಟಕಿ ಸಾಯುವುದಿಲ್ಲ, ಕೆಳಗಿನ ಸಾಲಿಗೆ ಇಳಿದು ಕೂರುತ್ತದೆ. ನನಗೆ ಬಲು ಇಷ್ಟವಾದದ್ದು ಇದು: ನೆತ್ತಿಯ ಪಟ್ಟಿಯ ಮೇಲೆ ಬಾಣ ಇಟ್ಟು ಚಕ್ರ ಮೇಲಕ್ಕೆ ತಿರುಗಿಸಿದರೆ ಕಿಟಕಿ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ, ಹೆಸರಿನ ಪಟ್ಟಿಯೊಂದೇ ಉಳಿಯುತ್ತದೆ. ಸುತ್ತುವುದು ಬಿಡಿಸುವುದು, ಹತ್ತು ಸಲ ಮಾಡಿದೆ. ಅವರು ಬೇಡ ಅನ್ನಲಿಲ್ಲ.

ಈಗ ಮೊದಲ ಪರದೆಯಲ್ಲಿ ಪಟ್ಟಿ, ಎರಡನೆಯದರಲ್ಲಿ ಫೋಟೋ, ಮೂರನೆಯದರಲ್ಲಿ ಪತ್ರಗಳು. ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದೇನೆ. ಮೌಸ್ ಒರೆಸುವಾಗ ತಂತಿ ಕಿತ್ತಿಟ್ಟು ಒರೆಸುತ್ತೇನೆ.

ಸಂಜೆ ಮೇಡಂಗೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಮುಚ್ಚಬೇಡಿ ಅಂದವಳು ಉಳಿಸಿ ಅಂತಾನೂ ಹೇಳಬೇಕಿತ್ತು, ತಪ್ಪು ನನ್ನದೂ ಇದೆ ಅಂದರು. ಮುಂದೆ ಬರುವ ಹೊಸಬರಿಗೆ ಇದನ್ನೆಲ್ಲ ಒಂದು ಹಾಳೇಲಿ ಬರೆದುಕೊಡಿ, ನೀವು ಬರೆದರೆ ಅವರಿಗೆ ಅರ್ಥವಾಗುತ್ತೆ ಅಂದರು. ಕಾಯಂ ವಿಚಾರ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸೋಮವಾರ ಹೊಸ ಪೆಟ್ಟಿಗೆಗಳು ಬರುತ್ತವೆ. ನಿನ್ನೆ ಊಟ ಸೇರಿತು, ನಿದ್ದೆಯೂ ಬಂತು.

ನಿನ್ನ ಮಂಡಿನೋವು ಹೇಗಿದೆ? ಬರೆ. ಭಾವನಿಗೆ ಈ ಕಾಗದ ಓದಿಸಬೇಡ, ಮೌಸ್ ಒರೆಸಿದ್ದನ್ನು ಹಿಡಿದುಕೊಂಡು ವರ್ಷವಿಡೀ ಆಡಿಕೊಳ್ಳುತ್ತಾರೆ.

ನಿನ್ನ ಪ್ರೀತಿಯ,
ಕೈ ಸುಮ್ಮನಿರದ ತಂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಪಟ್ಟಿಗಳನ್ನು ಉಳಿಸಲು ಹೋದಾಗ ನನ್ನ ಹೆಸರಿನ ಕಡತ ತೆರೆಯಿತು. ಮೂರು ವಾರದಲ್ಲಿ ನಾನು ಹೆಸರಿಟ್ಟು ಉಳಿಸಿದ್ದು ಅದರಲ್ಲಿ ಒಂದೇ ಒಂದಿತ್ತು: ‘ರಾಜೀನಾಮೆ’. ಗುರುವಾರ ನಿನಗೆ ಫೋನ್ ಮಾಡುವುದಕ್ಕೂ ಮೊದಲೇ ಬರೆದದ್ದು. ಇನ್ನು ಕಳೆದುಕೊಳ್ಳುವುದೇನಿದೆ ಅಂತ ಉಳಿಸು ಗುಂಡಿಯನ್ನು ಆವಾಗ ಹೆದರದೆ ಒತ್ತಿದ್ದೆ. ಕೀಲಿಕೈ ಸರ್ ಅದನ್ನು ನೋಡಿದರು. ಬೇಡದ್ದನ್ನ ತೆಗೆಯೋದನ್ನೂ ಕಲಿತುಬಿಡಿ ಮೇಡಂ ಅಂದರು. ಅಳಿಸಿದರೆ ಅದು ಕಸದ ಬುಟ್ಟಿಗೆ ಹೋಗಿ ಅಲ್ಲೇ ಕೂತಿರುತ್ತದಂತೆ, ಬುಟ್ಟಿಯನ್ನೂ ಬೇರೆಯಾಗಿ ಖಾಲಿ ಮಾಡಬೇಕಂತೆ. ಮಾಡಿದೆ. ಖಂಡಿತವಾಗಿಯೂ ಬೇಡವೇ ಅಂತ ಯಂತ್ರ ಇನ್ನೊಂದು ಸಲ ಕೇಳಿತು. ಬೇಡ ಅಂತ ಒತ್ತಿದೆ ಅಕ್ಕಾ, ಯಾರನ್ನೂ ಕೇಳಲಿಲ್ಲ.