ಹೊಟ್ಟೆಯೊಳಗಿನ ಡಾಕ್ಟರನ್ನು ನಂಬಿ ಮಾತ್ರೆ ಬಿಡಬೇಡ

ಅಕ್ಕ,

ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ ಶೀಟು ಭಾನುವಾರ ಹೇಗಿತ್ತೋ ಹಾಗೇ ಇದೆ. ತಪ್ಪು ನನ್ನದೇ. ಕರುಳಿನ ಬ್ಯಾಕ್ಟೀರಿಯಾ ಕಾಳು, ಸೊಪ್ಪಿನ ನಾರು ತಿಂದು ಸಕ್ಕರೆ ಹತೋಟಿಗೆ ನೆರವಾಗುತ್ತವೆ ಎಂದು ಸಂಜೆ ತರಗತಿಯಲ್ಲಿ ಕೇಳಿದ್ದನ್ನು ಅವತ್ತು ನಿನ್ನ ಮುಂದೆ ಕೊಚ್ಚಿಕೊಂಡೆ. "ಹೊಟ್ಟೇಲೇ ಡಾಕ್ಟ್ರು ಇದಾರಲ್ಲೇ, ಇನ್ನು ಮಾತ್ರೆ ಯಾಕೆ?" ಅಂದೆ ನೀನು. ತಮಾಷೆ ಅಂದುಕೊಂಡು ನಾನೂ ನಕ್ಕುಬಿಟ್ಟೆ.

ನಿನ್ನೆ ಮೇಷ್ಟ್ರನ್ನು ಎರಡು ಸಲ ಕೇಳಿದೆ. ಆ ಬ್ಯಾಕ್ಟೀರಿಯಾ ಮಾತ್ರೆಗೆ ಬದಲಿಯಲ್ಲ ಅಂದರು. ಎಷ್ಟು ನೆರವಾಗುತ್ತವೆ ಎಂಬುದೇ ಇನ್ನೂ ಪೂರ್ತಿ ಗೊತ್ತಿಲ್ಲವಂತೆ.

ಬೇಯಿಸಿದ ಕಾಳು ನೀಲಿ ಡಬ್ಬಿಯಲ್ಲಿದೆ. ಲಾಂಡ್ರಿ ಪಾಳಿಗೆ ಹೊರಡುವ ಮೊದಲು ಅದನ್ನೂ ತಿನ್ನು, ಮಾತ್ರೆಯನ್ನೂ ನುಂಗು. ಬಿಟ್ಟ ದಿನಗಳದ್ದನ್ನು ಸೇರಿಸಿ ನುಂಗಬೇಡ.

ಅವತ್ತು ಅಷ್ಟು ಬಣ್ಣ ಹಚ್ಚಿ ಹೇಳಬಾರದಿತ್ತು. ನಾನು ಬರುವಾಗ ನೀನಿರುವುದಿಲ್ಲ, ನೀನು ಏಳುವಾಗ ನಾನಿರುವುದಿಲ್ಲ. ಎಷ್ಟೋ ದಿನಗಳ ಮೇಲೆ ನೀನು ಎದುರಿಗೆ ಕೂತು ಕೇಳುತ್ತಿದ್ದೆ. ಮಾತು ನಿಲ್ಲಿಸಲು ಮನಸ್ಸಾಗಲಿಲ್ಲ.

ಮಾತ್ರೆ ತಗೊಂಡ ಮೇಲೆ ಈ ಚೀಟಿಯ ಹಿಂದೆ ಒಂದು ಗೆರೆ ಎಳೆ. ಬೈದು ಬರೆದರೂ ಪರವಾಗಿಲ್ಲ, ಬಂದು ಓದುತ್ತೇನೆ.