ದರ್ಜಿ ಅಜ್ಜಿ ಸಾಯಲಿಲ್ಲ

ಅತ್ತೆ, ನಮಸ್ಕಾರ.

ಹೇಳಿದರೆ ನೀವು ನಿಲ್ಲಿಸಿಬಿಡುತ್ತೀರೇನೋ ಎಂಬ ಭಯಕ್ಕೆ ಇದನ್ನು ಹೇಳದೇ ಇರೋಣವೆಂದಿದ್ದೆ. ಮಗಳ ಮನೆಗೆ ಹೋಗುವಾಗ ಹಾಡು ಕೇಳಲೆಂದು ನೀವು ಒಯ್ದ ಟ್ಯಾಬ್ಲೆಟ್‌ನಲ್ಲಿ ನನ್ನ ಕಾದಂಬರಿಯೂ ಇದೆ. ಯಾರಿಗೂ ಕಾಣುವುದಿಲ್ಲವೆಂದುಕೊಂಡು ನೀವು ಅಲ್ಲಿ ತಿದ್ದಿದ್ದೆಲ್ಲ ಇಲ್ಲಿ ನನ್ನ ಕಂಪ್ಯೂಟರಿಗೂ ತಾನಾಗಿ ಬರುತ್ತದೆ.

ಕಳೆದ ವಾರ ನಾನು ಕಥೆಯ ದರ್ಜಿ ಅಜ್ಜಿಯನ್ನು ಸಾಯಿಸಿ, ಕಣ್ಣೊರೆಸಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಅವಳು ಎದ್ದು ಕೂತು, "ಯಾಕ್ರೋ ಅಳ್ತಿದೀರಾ? ನನ್ನ ಕತ್ತರಿ ಯಾರು ಎತ್ಕೊಂಡಿದ್ದು?" ಎಂದು ಕೇಳುತ್ತಿದ್ದಳು. ಆ ಗದರಿಕೆ ನಿಮ್ಮದೇ. ಬಿದ್ದು ಬಿದ್ದು ನಕ್ಕೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಇಂಥ ಮಾತು ಎಲ್ಲಿಂದ ಬರಬೇಕು? ತಿಂಗಳುಗಳಿಂದ ಸಿಗದಿದ್ದ ಕೊನೆಯ ಅಧ್ಯಾಯ ಈಗ ಕಾಣುತ್ತಿದೆ, ಆದರೆ ಅದು ನನ್ನೊಬ್ಬಳಿಂದ ಆಗದು.

ದಯವಿಟ್ಟು ಬರೆಯುತ್ತಿರಿ. ಮುಚ್ಚುವ ಮುಂಚೆ ವೈಫೈ ಇದೆಯೇ ನೋಡಿ. ಚಾರ್ಜರನ್ನು ಮೊಮ್ಮಕ್ಕಳ ಕೈಗೆ ಕೊಡಬೇಡಿ. ಪುಸ್ತಕದ ಮೇಲೆ ಇಬ್ಬರ ಹೆಸರೂ ಇರಲಿ ಎಂದು ನನ್ನಾಸೆ. ಒಪ್ಪಿಗೆಯಾದರೆ ಅಜ್ಜಿಯ ಬಾಯಲ್ಲೇ ಹೇಳಿಸಿ.

ಟ್ಯಾಬ್ಲೆಟ್‌ನಲ್ಲಿ ಬರೆದರೆ ಇದನ್ನೂ ತಿದ್ದಿಬಿಡುತ್ತೀರಿ, ಅದಕ್ಕೇ ಕಾಗದ.

ನಿಮ್ಮ ಸೊಸೆ

ಕಥೆಯಲ್ಲಿ ನೀವು ಅಜ್ಜಿಗೆ ಕತ್ತರಿ ಹುಡುಕಿಕೊಡುವುದನ್ನು ನೋಡಿಕೊಂಡು, ಈ ಕಾಗದವನ್ನು ಸೋಮವಾರ, ಹದಿನಾಲ್ಕನೇ ತಾರೀಕು ಅಂಚೆಗೆ ಹಾಕುತ್ತೇನೆ.