ಗುರೆಳ್ಳಿನ ಚಹಾ

ಗೋಕಾಕ
೨೦ ಆಗಸ್ಟ್ ೨೦೨೫

ನನ್ನ ಮುದ್ದಿನ ಅವ್ವಾ,

ನಿನಗೂ ಅಪ್ಪನಿಗೂ ನಮಸ್ಕಾರ, ತಮ್ಮ ಅಜಿತನಿಗೆ ಬೆನ್ನ ಮೇಲೊಂದು ಗುದ್ದು. ಪಂಚಮಿಗೆ ಹುಕ್ಕೇರಿಗೆ ಬಂದು ಹೋದವಳು ಆಮೇಲೆ ಸರಿಯಾಗಿ ಮಾತೇ ಆಡಿಲ್ಲ ಎಂದು ಸಿಟ್ಟಾಗಿದ್ದೀಯ, ಗೊತ್ತು. ತಪ್ಪು ನನ್ನದೇ. ಆದರೆ ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಓಣಿಯೆಲ್ಲ ಕೇಳಿಸಿಕೊಳ್ಳುತ್ತದೆ! ಅದಕ್ಕೇ ಈ ಕಾಗದ. ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ಒತ್ತಕ್ಷರ ತಪ್ಪಿದ್ದರೆ ಅಜಿತನಿಗೆ ತೋರಿಸಬೇಡ.

ಮೊದಲು ಸಿಹಿಸುದ್ದಿ. ನಾನು ಪುಣೆಗೆ ಹೋಗಬೇಕಾಗಿಲ್ಲ! ಇಲ್ಲೇ, ನಿನ್ನ ಅಳಿಯನ ಮನೆಯಲ್ಲೇ ಕುಳಿತು ಕೆಲಸ ಮಾಡಬಹುದು! ಬರೆಯುವಾಗಲೂ ಎದ್ದು ಕುಣಿಯಬೇಕು ಅನಿಸುತ್ತಿದೆ.

ಬಸ್ ಟಿಕೆಟ್ ಸಾಫ್ಟ್‌ವೇರ್ ಮಾಡುವ ನಮ್ಮ ಕಂಪನಿಯಲ್ಲಿ ಈಗ ಕೋಡ್ ಬರೆಯುವವರು ಮನುಷ್ಯರಷ್ಟೇ ಅಲ್ಲ, ಎಐ ಏಜೆಂಟ್‌ಗಳೂ ಇವೆ. ಮನೆಗೆ ಬರುವ ವಿಮೆ ಏಜೆಂಟ್ ಅಲ್ಲವ್ವ, ಹೇಳಿದ ಕೆಲಸವನ್ನು ತಾವೇ ಮಾಡುವ ಕಂಪ್ಯೂಟರ್ ಸಹಾಯಕರು. ಯಾವ ಕೋಡ್ ಎಲ್ಲಿದೆ ಎಂದು ಅವು ಹುಡುಕುವುದು ನಾನು ನೋಡಿಕೊಳ್ಳುವ ಇಂಡೆಕ್ಸ್‌ನಲ್ಲಿ, ಕೋಡಿನ ತುಣುಕುಗಳ ಪಟ್ಟಿ ಅದು. ಅದು ದಿನಕ್ಕೊಮ್ಮೆ ಮಾತ್ರ ಹೊಸದಾಗುತ್ತಿತ್ತು. ನಡುವೆ ಯಾರಾದರೂ ಏನಾದರೂ ಬದಲಿಸಿದರೆ ಅದಕ್ಕೆ ಸುದ್ದಿಯೇ ಇಲ್ಲ. ಈ ತಿಂಗಳು ಒಂದು ಏಜೆಂಟ್, ಅಳಿಸಿಹಾಕಿದ್ದ ಹಳೆಯ ಟಿಕೆಟ್ ದರವನ್ನು ಇಂಡೆಕ್ಸ್‌ನಲ್ಲಿ ನೋಡಿ, ಖರೆ ಎಂದು ನಂಬಿ ಬಳಸಿಬಿಟ್ಟಿತು. ಬಸ್ ಕಂಪನಿಯೊಂದರ ಟಿಕೆಟುಗಳು ಇಡೀ ಮಧ್ಯಾಹ್ನ ಹಳೆಯ ದರಕ್ಕೇ ಹೋದವು!

ನಮ್ಮ ಮ್ಯಾನೇಜರ್ ಮಾಲಾ ಮೇಡಂ ಕೂಗಾಡಲಿಲ್ಲ, ಅದೇ ಹೆಚ್ಚು ಹೆದರಿಕೆ. ಮನೆಯಿಂದ ಕೆಲಸ ಕೊಟ್ಟಿದ್ದು ಪರೀಕ್ಷೆಗೆ, ಇದು ಸರಿಹೋಗದಿದ್ದರೆ ಪುಣೆ ಆಫೀಸಿಗೆ ಬಾ ಎಂದರು. ನಿನ್ನ ಅಳಿಯ ಧುಪದಾಳದ ಒಡ್ಡಿನ ಕೆಲಸ ಬಿಟ್ಟು ಹೇಗೆ ಬಂದಾರು? "ಹೋಗೂದಿದ್ರ ಹೋಗವಾ, ನಾ ಇಲ್ಲೇ ನೀರ ನೋಡ್ಕೋಂತ ಕುಂದರ್ತೇನಿ" ಎಂದರು. ಮುಖ ಮಾತ್ರ ಬಾಡಿದ ಮೆಂತ್ಯಪಲ್ಯ.

ತಲೆ ಕೆಟ್ಟಾಗ ನಾನು ಏನಾದರೂ ಜೋಡಿಸುತ್ತೇನೆ, ನಿನಗೆ ಗೊತ್ತಲ್ಲ. ಅತ್ತೆ ಹೊರಗೆ ಹೋದಾಗ ಅಡುಗೆಮನೆಯ ಡಬ್ಬಿಗಳನ್ನು ಚೆಂದಾಗಿ ಜೋಡಿಸಿಟ್ಟೆ. ಸಂಜೆ ಮೂಡಲಗಿಯಿಂದ ಅವರ ತಮ್ಮ ಉದ್ದಪ್ಪ ಮಾಮಾ ಬಂದರು. ಅತ್ತೆ ಅವರೊಡನೆ ಮಾತಾಡುತ್ತಲೇ, ತಿರುಗಿಯೂ ನೋಡದೆ ಡಬ್ಬಿ ತೆಗೆದು ಚಹಾ ಕುದಿಸಿದರು. ಮಾಮಾ ಒಂದು ಗುಟುಕು ಕುಡಿದು ಕಪ್ಪಿನೊಳಗೆ ಇಣುಕಿದರು.

"ಯಕ್ಕಾ, ಚಾದಾಗ ಬಳ್ಳೊಳ್ಳಿ ಹಾಕೂದು ಯಾವಾಗಿಂದ ಚಾಲೂ ಆತು?"

ಅವ್ವಾ, ಅದು ರೊಟ್ಟಿಗೆ ಹಚ್ಚಿಕೊಳ್ಳುವ, ಬಳ್ಳೊಳ್ಳಿ ಹಾಕಿ ಕುಟ್ಟಿದ ಗುರೆಳ್ಳಿನ ಹಿಂಡಿ! ಚಹಾಪುಡಿಯ ಜಾಗದಲ್ಲಿ ನಾನೇ ಇಟ್ಟಿದ್ದೆ!

"ಒಂದ ರೊಟ್ಟಿ ಕೊಟ್ಟಬಿಡು" ಎಂದರು ಮಾಮಾ, "ಊಟಾನ ಮುಗಸ್ಕೊಂಡ ಹೋಗ್ತೇನಿ."

ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. "ಎಲ್ಲಾ ಮೊದಲಿನಂಗ ಇಡ್ಲೇನ್ರಿ ಅತ್ತಿ?" ಎಂದೆ.

"ಯಾಕ? ನೀ ಇಟ್ಟಿದ್ದ ಚಲೋ ಐತಿ. ಸರಿಸಿದಾಗ ನನಗೊಂದ ಮಾತ ಹೇಳಿದ್ರ ಆಗ್ತಿತ್ತು. ಈಗ ಯಾವ್ಯಾವ ಡಬ್ಬಿ ಸರಿಸೀದಿ, ಅವಷ್ಟ ತೋರ್ಸು." ಆಮೇಲೆ ಸೆರಗು ಬಾಯಿಗೆ ಹಿಡಿದು ಅವರು ನಕ್ಕ ನಗು! ಮಾಮಾನ ಕಣ್ಣಲ್ಲಿ ನೀರು, ನಗುವಿಗೋ ಖಾರಕ್ಕೋ ತಿಳಿಯಲಿಲ್ಲ.

ಸರಿಸಿದ್ದನ್ನಷ್ಟೇ, ಸರಿಸಿದಾಗಲೇ! ಇಡೀ ಇಂಡೆಕ್ಸ್ ಪ್ರತಿ ಸಲ ಕಟ್ಟಲು ತಾಸುಗಟ್ಟಲೆ ಬೇಕು ಎಂದು ನಾನು ಕೈಚೆಲ್ಲಿದ್ದೆ. ಲ್ಯಾಪ್‌ಟಾಪಿಗೆ ಓಡಿದೆ. ಈಗ ಕೋಡ್ ಬದಲಾದ ಕೂಡಲೇ ಆ ತುಣುಕು ಮಾತ್ರ ಇಂಡೆಕ್ಸ್‌ನಲ್ಲಿ ಬದಲಾಗುತ್ತದೆ, ಅಳಿಸಿದ್ದು ಅಲ್ಲಿಂದಲೂ ಹೋಗುತ್ತದೆ. ಇಂಡೆಕ್ಸ್ ಸ್ವಲ್ಪ ಹಿಂದೆ ಬಿದ್ದಿದ್ದರೆ, ನಂಬಬೇಡ, ಮೂಲ ನೋಡು ಎಂದು ಏಜೆಂಟಿಗೆ ಮೊದಲೇ ಎಚ್ಚರಿಕೆ ಹೋಗುತ್ತದೆ. ಬೇಕೆಂದೇ ಕೋಡನ್ನು ಅತ್ತಿತ್ತ ಸರಿಸಿ ಪರೀಕ್ಷೆ ಮಾಡಿದೆ, ಒಂದು ಸಲವೂ ಎಡವಲಿಲ್ಲ! ನಿನ್ನೆ ಮಾಲಾ ಮೇಡಂ, ಇದ್ದಲ್ಲೇ ಇರು ಎಂದು ಬರೆದರು. ನಿನ್ನ ಅಳಿಯ ಕರದಂಟು ತಂದು ಓಣಿಗೆಲ್ಲ ಹಂಚಿದರು, ಯಾಕೆಂದು ಕೇಳಿದವರಿಗೆ ಹೇಳಲಾರದೆ ಕೆಂಪಾದರು. ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ ಅವ್ವಾ.

ಅತ್ತೆ ನಿಮ್ಮನ್ನೆಲ್ಲ ಕೇಳಿದ್ದಾರೆ. ಅಪ್ಪನ ಮೊಣಕಾಲಿಗೆ ಎಣ್ಣೆ ಹಚ್ಚಲು ಮರೆಯಬೇಡ. ನಾನೂ ನಿನ್ನ ಅಳಿಯನೂ ಹೀಗೇ ನಗುತ್ತಿರುವಂತೆ ಹರಸು.

ನಿನ್ನ ಮಗಳು,
ಸಪ್ನಾ

ತಾ.ಕ.: ಪಂಚಮಿಯ ದಿನ ಬೆಳಿಗ್ಗೆ, ನಿದ್ದೆಗಣ್ಣಲ್ಲಿ, ನಿನ್ನ ಅಡುಗೆಮನೆಯ ಕಿಟಕಿ ಪಕ್ಕದ ಹಲಗೆಗೆ ಕೈ ಹಾಕಿದೆ. ನನ್ನ ಲೋಟ ಅಲ್ಲಿರಲಿಲ್ಲ, ಅಂಚು ನೆಗ್ಗಿದ ಆ ಸ್ಟೀಲ್ ಲೋಟ. ನೀನು, "ಕುಂದ್ರವಾ, ಈಗ ಬೀಗರ ಮನಿಯಾಕಿ ನೀ, ನಾ ಕೊಡ್ತೇನಿ" ಎಂದು ಬಂದವರಿಗೆ ಕೊಡುವ ಹೂವಿನ ಕಪ್ಪು-ಬಸಿಯಲ್ಲಿ ಚಹಾ ತಂದೆ. ನಾನು ನಕ್ಕೆ. ಬಸ್ಸು ಘಟಪ್ರಭೆ ದಾಟುವವರೆಗೂ ಅಳುತ್ತಲೇ ಇದ್ದೆ. ಅವ್ವಾ, ಲೋಟವನ್ನು ಬೇರೆ ಕಡೆ ಸರಿಸಿದ್ದರೆ ಎಲ್ಲಿ ಎಂದು ಹೇಳು, ಕೈಗೆ ಹೊಸ ಜಾಗ ಕಲಿಸುತ್ತೇನೆ. ತೆಗೆದೇಬಿಟ್ಟಿದ್ದರೆ ಮಾತ್ರ ಹೇಳಬೇಡ.